ಕಿಣ್ವ ಕೊಳ್ಳುವಾಗ ಮೈಕ್ರೊಗ್ರಾಂ ಅಲ್ಲ, ಕೆಲಸ ನೋಡಿ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ಪ್ರಾಜೆಕ್ಟ್ ಸಾಮಗ್ರಿಗೆ ಇಂಡೆಂಟ್ ಹಾಕಿ, ಮೂರು ಕೊಟೇಶನ್ ತರಿಸಿ, ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಬರೆದು, ಕಡಿಮೆ ದರ ಹೇಳಿದವರಿಗೆ ಆರ್ಡರ್ ಕೊಡುವುದು ರೂಢಿ. ಬೀಕರಿಗೆ, ಉಪ್ಪಿಗೆ, ಅಗರ್ ಪುಡಿಗೆ ಈ ರೂಢಿ ನಡೆಯುತ್ತದೆ, ಕಿಣ್ವಕ್ಕೆ ನಡೆಯುವುದಿಲ್ಲ. ನಮ್ಮ ಜೀವರಸಾಯನ ಮತ್ತು ಜೈವಿಕ ತಂತ್ರಜ್ಞಾನ ವಿಭಾಗಗಳಲ್ಲಿ ಪರೀಕ್ಷೆಗೆ ಒದಗುವ ‘ರೀಕಾಂಬಿನಂಟ್ ಹ್ಯೂಮನ್ ಪಿಡಿಐ’ ಎಂಬ ಒಂದೇ ಕಿಣ್ವವನ್ನು ಹಿಡಿದು ಇದು ಏಕೆಂದು ವಿವರಿಸುತ್ತೇವೆ. ಸೀಸೆಯ ಮೇಲೆ ‘ಶೇ 95 ಶುದ್ಧ’ ಎಂದಿದ್ದರೆ ಖರೀದಿ ಸಮಿತಿ ಅಲ್ಲಿಗೆ ತೃಪ್ತಿಪಡುತ್ತದೆ. ಒಳಗಿರುವ ಪ್ರೋಟೀನು ಕೆಲಸ ಮಾಡುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಪಿಡಿಐ ಎಂದರೆ ಪ್ರೋಟೀನ್ ಡೈಸಲ್ಫೈಡ್ ಐಸೊಮರೇಸ್. ಜೀವಕೋಶದಲ್ಲಿ ಹೊಸದಾಗಿ ನೇಯ್ದ ಪ್ರೋಟೀನಿನ ಎಳೆ ಮಡಿಕೆಗೊಂಡು ತನ್ನ ಆಕಾರಕ್ಕೆ ಬರುವಾಗ, ಸಿಸ್ಟೀನ್ ಎಂಬ ಗಂಧಕದ ಅಮೈನೊ ಆಮ್ಲಗಳು ಜೋಡಿಜೋಡಿಯಾಗಿ ಕೊಂಡಿ ಹಾಕಿಕೊಳ್ಳಬೇಕು. ರೈಬೋನ್ಯೂಕ್ಲಿಯೇಸ್-ಎಯಲ್ಲಿ 8 ಸಿಸ್ಟೀನ್‌ಗಳಿವೆ, 4 ಕೊಂಡಿಗಳು. ಲೆಕ್ಕಕ್ಕೆ ಕೂತರೆ 105 ಬಗೆಯಲ್ಲಿ ಜೋಡಿಸಬಹುದು; ಸರಿಯಾದದ್ದು ಒಂದೇ. ಯಾರ ಸಹಾಯವೂ ಇಲ್ಲದೆ ಈ ಪ್ರೋಟೀನು ತಾನಾಗಿಯೇ ಸರಿಯಾದ ಜೋಡಣೆಗೆ ಮರಳಬಲ್ಲದೆಂದು ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ತೋರಿಸಿಕೊಟ್ಟರು. 1972ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆದರೆ ಪ್ರನಾಳದಲ್ಲಿ ಗಂಟೆಗಟ್ಟಲೆ ಹಿಡಿಯುವ ಈ ಕೆಲಸ ಜೀವಕೋಶದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾದರೆ ಒಳಗೆ ಯಾರೋ ಕೈಹಾಕುತ್ತಿರಬೇಕು. ಆ ‘ಯಾರೋ’ 1963ರಲ್ಲಿ ಎರಡು ಕಡೆ ಸಿಕ್ಕಿಬಿದ್ದಿತು: ಆನ್ಫಿನ್ಸನ್ ಗುಂಪಿಗೆ ಇಲಿಯ ಯಕೃತ್ತಿನಲ್ಲಿ, ಹಂಗೇರಿಯ ವೆನೆಟಿಯಾನೆರ್ ಮತ್ತು ಸ್ಟ್ರಾಬ್ ಅವರಿಗೆ ಪಾರಿವಾಳದ ಮೇದೋಜೀರಕ ಗ್ರಂಥಿಯಲ್ಲಿ. ಅದೇ ಪಿಡಿಐ. ತಪ್ಪು ಕೊಂಡಿಯನ್ನು ಬಿಡಿಸಿ, ಮತ್ತೆ ಹಾಕಿ, ಸರಿ ಬರುವವರೆಗೆ ಅದಲುಬದಲು ಮಾಡುವುದು ಅದರ ಕಸುಬು.

ಮನುಷ್ಯರ ಪಿಡಿಐ ತಯಾರಾಗುವಾಗ 508 ಅಮೈನೊ ಆಮ್ಲಗಳ ಉದ್ದವಿರುತ್ತದೆ. ಮೊದಲ 17 ದಾರಿ ತೋರಿಸುವ ತುದಿ, ಕತ್ತರಿಸಿ ಹೋಗುತ್ತವೆ. ಕೊನೆಯ ನಾಲ್ಕು ಅಕ್ಷರ ಕೆ-ಡಿ-ಇ-ಎಲ್; ಕೋಶದೊಳಗೆ ಅದು ತನ್ನ ಠಾವು ಬಿಟ್ಟು ಹೋಗದಂತೆ ಹಿಡಿದಿಡುವ ಗುರುತು. ನಡುವೆ ಎರಡು ಕಡೆ ಸಿ-ಜಿ-ಎಚ್-ಸಿ ಎಂಬ ಸಾಲು ಬರುತ್ತದೆ. ಎಲ್ಲ ಕೆಲಸ ನಡೆಯುವುದು ಈ ನಾಲ್ಕು ಸಿಸ್ಟೀನ್‌ಗಳಲ್ಲಿ. ಇವಲ್ಲದೆ ಇನ್ನೆರಡು ಸಿಸ್ಟೀನ್‌ಗಳು ನಡುಭಾಗದಲ್ಲಿ ಹುದುಗಿವೆ. ಕಿಣ್ವದ ಹಣೆಬರಹವೆಲ್ಲ ಈ ಗಂಧಕಗಳು ಯಾವ ಸ್ಥಿತಿಯಲ್ಲಿವೆ ಎಂಬುದರ ಮೇಲೆ ನಿಂತಿದೆ. ಲೇಬಲ್ ಅದನ್ನು ಮಾತ್ರ ಹೇಳುವುದಿಲ್ಲ.

ಕ್ಯಾಟಲಾಗ್ ತೆರೆದರೆ ಮೊದಲ ಗೊಂದಲ ಹೆಸರಿನದು. ಪಿಡಿಐ, ಪಿಡಿಐಎ1, ಪಿ4ಎಚ್‌ಬಿ ಮೂರೂ ಒಂದೇ ವಸ್ತು. ಮೂರನೆಯ ಹೆಸರು ಬಂದದ್ದು ಕೊಲಾಜೆನ್ ಹದಮಾಡುವ ಪ್ರೋಲಿಲ್-4-ಹೈಡ್ರಾಕ್ಸಿಲೇಸ್‌ನ ಒಂದು ಪಾಲುದಾರ ಇದೇ ಪ್ರೋಟೀನೆಂದು 1987ರಲ್ಲಿ ಗೊತ್ತಾದಾಗ. ಆದರೆ ಪಿಡಿಐಎ3, ಪಿಡಿಐಎ4, ಪಿಡಿಐಎ6 ಬೇರೆಬೇರೆ ಕಿಣ್ವಗಳು. ‘ಪಿಡಿಐ, ಹ್ಯೂಮನ್’ ಎಂದಷ್ಟೇ ಇಂಡೆಂಟಿನಲ್ಲಿ ಬರೆದರೆ ಅಗ್ಗದ ಕೊಟೇಶನ್ನಿನಲ್ಲಿ ಪಿಡಿಐಎ3 ಬಂದು ಕೂರಬಹುದು. ಪೂರೈಕೆದಾರನ ತಪ್ಪೂ ಅಲ್ಲ, ಕೇಳಿದ್ದು ಅಷ್ಟೇ. ಆದ್ದರಿಂದ ‘ಪಿ4ಎಚ್‌ಬಿ, ಅಮೈನೊ ಆಮ್ಲ 18ರಿಂದ 508’ ಎಂದು ಬರೆಯಿರಿ. ಸಾಮಾನ್ಯವಾಗಿ ಸಿಗುವ ಸರಕಿನಲ್ಲಿ ಮುಂತುದಿಗೆ ಆರು ಹಿಸ್ಟಿಡಿನ್‌ಗಳ ಬಾಲಂಗೋಚಿ ಇರುತ್ತದೆ, ಶುದ್ಧೀಕರಣದ ಅನುಕೂಲಕ್ಕೆ. ಪ್ರನಾಳದ ಪರೀಕ್ಷೆಗಳಿಗೆ ಇದರಿಂದ ತೊಂದರೆ ಇಲ್ಲ. ಹಿಂತುದಿಯಲ್ಲಿದ್ದರೆ ಕೆ-ಡಿ-ಇ-ಎಲ್ ಮುಚ್ಚಿಹೋಗುತ್ತದೆ. ಪ್ರನಾಳದಲ್ಲಿ ಅದೂ ನಡೆಯುತ್ತದೆ, ಕೋಶದೊಳಗಿನ ಪ್ರಯೋಗಕ್ಕೆ ನಡೆಯುವುದಿಲ್ಲ.

‘ಹ್ಯೂಮನ್’ ಎಂದಿರುವುದಕ್ಕೆ ಮನುಷ್ಯರ ರಕ್ತದಿಂದಲೋ ಅಂಗದಿಂದಲೋ ತೆಗೆದದ್ದು ಎಂದು ತಿಳಿಯುವವರಿದ್ದಾರೆ. ಮನುಷ್ಯರ ಜೀನಿನ ಪ್ರತಿಯನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹೊಕ್ಕಿಸಿ ಅದರ ಕೈಯಲ್ಲಿ ಮಾಡಿಸಿದ ಪ್ರೋಟೀನು ಅದು. ಮನುಷ್ಯ ಕೋಶಗಳಲ್ಲಿ ಮಾಡಿಸಿದ ದುಬಾರಿ ಸರಕೂ ಸಿಗುತ್ತದೆ. ಪಿಡಿಐಗೆ ಆ ಖರ್ಚು ದಂಡ ಎಂಬುದು ನಮ್ಮ ಅಭಿಪ್ರಾಯ: ಈ ಪ್ರೋಟೀನಿಗೆ ಸಕ್ಕರೆ ಸರಪಳಿಯ ಹಂಗಿಲ್ಲ, ಇ. ಕೋಲಿಯ ಒಳಗೆ ಕರಗಿದ ರೂಪದಲ್ಲೇ ಧಾರಾಳವಾಗಿ, ಸರಿಯಾಗಿ ಮಡಿಕೆಗೊಂಡು ಸಿಗುತ್ತದೆ. ಕೋಶಗಳ ಮೇಲೆ ಪ್ರಯೋಗವಿದ್ದರೆ ಮಾತ್ರ ಎರಡನೇ ಸಲ ಯೋಚಿಸಬೇಕು. ಅದನ್ನು ಮುಂದೆ ಹೇಳುತ್ತೇವೆ.

ಈಗ ಶೇ 95ರ ವಿಷಯ. ಆ ಅಂಕಿ ಬರುವುದು ಎಸ್‌ಡಿಎಸ್ ಜೆಲ್‌ನಿಂದ. ಜೆಲ್‌ಗೆ ಹಾಕುವ ಮುಂಚೆ ಪ್ರೋಟೀನನ್ನು ಕುದಿಸಿ, ಮಡಿಕೆಯನ್ನೆಲ್ಲ ಬಿಚ್ಚಿ, ಎಳೆ ಮಾಡಿರುತ್ತಾರೆ. ಸುಮಾರು 57 ಕಿಲೋಡಾಲ್ಟನ್ ಜಾಗದಲ್ಲಿ ಒಂದೇ ಪಟ್ಟಿ ಕಂಡರೆ ಬೇರೆ ಪ್ರೋಟೀನು ಬೆರೆತಿಲ್ಲ ಎಂದಾಯಿತು, ಅಷ್ಟೇ. ಸತ್ತ ಕಿಣ್ವವೂ ಅದೇ ಜಾಗದಲ್ಲಿ ಅಷ್ಟೇ ಅಚ್ಚುಕಟ್ಟಾದ ಪಟ್ಟಿ ಕೊಡುತ್ತದೆ.

ಶುದ್ಧತೆಗಿಂತ ಮುಖ್ಯವಾದದ್ದು ಆ ಪ್ರೋಟೀನು ಯಾವ ದ್ರಾವಣದಲ್ಲಿ ಕೂತಿದೆ ಎಂಬುದು. ಮಾರಾಟದ ಪಿಡಿಐ ಬಹುಮಟ್ಟಿಗೆ 20 ಮಿಲಿಮೋಲಾರ್ ಟ್ರಿಸ್, ಶೇ 10 ಗ್ಲಿಸರಾಲ್, 1 ಮಿಲಿಮೋಲಾರ್ ಡಿಟಿಟಿ ಇರುವ ಬಫರಿನಲ್ಲಿ ಬರುತ್ತದೆ. ಡಿಟಿಟಿ ಗಂಧಕದ ಕೊಂಡಿಗಳನ್ನು ಒಡೆಯುವ ರಾಸಾಯನಿಕ. ಕಿಣ್ವವನ್ನು ಕಾಪಾಡಲು ಹಾಕಿರುತ್ತಾರೆ. ಒಂದು ಲೆಕ್ಕ ನೋಡಿ. ಡೈ-ಇಯೋಸಿನ್ ಗ್ಲುಟಾಥಯೋನ್ ಎಂಬ ಪ್ರತಿದೀಪ್ತಿ ಪರೀಕ್ಷೆಯಲ್ಲಿ ಹಾಕುವ ಡಿಟಿಟಿ 5 ಮೈಕ್ರೊಮೋಲಾರ್ ಮಾತ್ರ, ಕಿಣ್ವ 20 ನ್ಯಾನೊಮೋಲಾರ್ ಎಂದಿಟ್ಟುಕೊಳ್ಳಿ. ಸೀಸೆಯ ಕಿಣ್ವ ಮಿಲಿಲೀಟರಿಗೆ 1 ಮಿಲಿಗ್ರಾಂ, ಅಂದರೆ ಸುಮಾರು 17.5 ಮೈಕ್ರೊಮೋಲಾರ್ ಇದ್ದರೆ 875 ಪಟ್ಟು ತೆಳು ಮಾಡುತ್ತೀರಿ. ಜೊತೆಗೆ ಬರುವ ಡಿಟಿಟಿ 1.1 ಮೈಕ್ರೊಮೋಲಾರ್. ಅದೇ ಸೀಸೆ ಮಿಲಿಲೀಟರಿಗೆ 0.25 ಮಿಲಿಗ್ರಾಂನದಾದರೆ 4.6 ಮೈಕ್ರೊಮೋಲಾರ್ ಡಿಟಿಟಿ ಕಳ್ಳದಾರಿಯಲ್ಲಿ ಒಳಗೆ ಬರುತ್ತದೆ. ನೀವು ಅಳೆದು ಹಾಕಿದಷ್ಟೇ ಹೆಚ್ಚುಕಡಿಮೆ! ಕಿಣ್ವ ಹೆಚ್ಚಿಸಿದಂತೆ ವೇಗ ಹೆಚ್ಚಿತೆಂದು ಗ್ರಾಫ್ ಬರೆದರೆ ಅದರಲ್ಲಿ ಡಿಟಿಟಿಯ ಪಾಲೆಷ್ಟು ಎಂದು ಬೇರ್ಪಡಿಸುವವರಾರು? ಇಂಥ ಪರೀಕ್ಷೆಗೆ ಮುನ್ನ, ಚಿಕ್ಕ ಅಣುಗಳನ್ನು ಪ್ರೋಟೀನಿನಿಂದ ಬೇರ್ಪಡಿಸುವ ಜಿ-25 ಕಾಲಮ್ಮಿನಲ್ಲಿ ಡಿಟಿಟಿ ತೆಗೆಯಲೇಬೇಕು.

ಇನ್ನೊಂದು ಬೇಡದ ಅತಿಥಿ ಬಿಎಸ್‌ಎ, ಅಂದರೆ ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನು. ಪ್ರೋಟೀನು ಕೊಳವೆಯ ಗೋಡೆಗೆ ಅಂಟದಿರಲೆಂದು ಶೇ 0.1ರಷ್ಟು ಬಿಎಸ್‌ಎ ಬೆರೆಸಿ ಮಾರುವುದುಂಟು. ಬೇರೆ ಎಷ್ಟೋ ಕಿಣ್ವಗಳಿಗೆ ಇದು ಒಳ್ಳೆಯ ಉಪಾಯ. ಇಲ್ಲಿ ಅಲ್ಲ. ಬಿಎಸ್‌ಎಯಲ್ಲಿ 17 ಡೈಸಲ್ಫೈಡ್ ಕೊಂಡಿಗಳೂ ಒಂದು ಒಂಟಿ ಸಿಸ್ಟೀನೂ ಇವೆ; ಅದೇ ಒಂದು ಗಂಧಕದ ಕಣಜ. ‘ಕ್ಯಾರಿಯರ್ ಇಲ್ಲದ’, ಅಂದರೆ ಇಂಥ ಬೆರಕೆ ಪ್ರೋಟೀನಿಲ್ಲದ, ಸರಕನ್ನೇ ಕೇಳಿ.

ಸೀಸೆ ಬಂದ ವಾರದೊಳಗೆ ಮಾಡಬಹುದಾದ, ಮಾಡಲೇಬೇಕಾದ ಪರೀಕ್ಷೆ ಇನ್ಸುಲಿನ್ನಿನದು. ಇನ್ಸುಲಿನ್ನಿನಲ್ಲಿ ಎರಡು ಎಳೆಗಳಿವೆ, ಮೂರು ಕೊಂಡಿಗಳಿವೆ. ಡಿಟಿಟಿಯ ಜೊತೆ ಪಿಡಿಐ ಸೇರಿ ಕೊಂಡಿ ಒಡೆದಾಗ ಬಿ ಎಳೆ ಬೇರ್ಪಟ್ಟು, ಕರಗಲಾರದೆ, ಬಿಳಿ ಮಬ್ಬಾಗಿ ಕಾಣಿಸಿಕೊಳ್ಳುತ್ತದೆ. 650 ನ್ಯಾನೊಮೀಟರಿನಲ್ಲಿ ಆ ಮಬ್ಬನ್ನು ಅಳೆದರಾಯಿತು. ಥಯೋರೆಡಾಕ್ಸಿನ್ ಎಂಬ ಸೋದರ ಪ್ರೋಟೀನಿಗಾಗಿ ಸ್ವೀಡನ್ನಿನ ಆರ್ನೆ ಹೋಮ್‌ಗ್ರೆನ್ 1979ರಲ್ಲಿ ಪ್ರಕಟಿಸಿದ ವಿಧಾನ ಇದರ ಮೂಲ. ಬೇಕಾದ ಉಪಕರಣ ಪ್ಲೇಟ್ ರೀಡರ್. ಅದಿಲ್ಲದಿದ್ದರೆ ಮಾಮೂಲಿ ಸ್ಪೆಕ್ಟ್ರೊಫೋಟೋಮೀಟರ್.

ಇನ್ಸುಲಿನ್ ಕರಗಿಸುವಲ್ಲೇ ಅರ್ಧ ಜನ ಎಡವುತ್ತಾರೆ. 10 ಮಿಲಿಗ್ರಾಂ ಪುಡಿಯನ್ನು 1 ಮಿಲಿಲೀಟರ್ 50 ಮಿಲಿಮೋಲಾರ್ ಟ್ರಿಸ್ ಬಫರಿಗೆ (ಪಿಎಚ್ 7.5) ಹಾಕಿದರೆ ಕರಗದು. 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ 3ಕ್ಕೆ ಇಳಿಸಿ, ತಿಳಿಯಾಗುತ್ತದೆ. ಆಮೇಲೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಿಂದ 8ರ ಹತ್ತಿರಕ್ಕೆ ಏರಿಸಿ. ಏರುವ ದಾರಿಯಲ್ಲಿ 5ರಿಂದ 6ರ ಆಸುಪಾಸಿನಲ್ಲಿ ಹಾಲಿನಂತೆ ಕದಡಿಕೊಳ್ಳುತ್ತದೆ, ಹೆದರಬೇಡಿ. ಅಲ್ಲಿ ತಡೆದು ನಿಲ್ಲದೆ ದಾಟಿಸಿದರೆ ಮತ್ತೆ ತಿಳಿಯಾಗುತ್ತದೆ. ಮೆಡಿಕಲ್ ಸ್ಟೋರಿನ ಇನ್ಸುಲಿನ್ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಸಿಗುವ 40 ಯೂನಿಟ್ಟಿನ ಸೀಸೆಯಲ್ಲಿ ಮಿಲಿಲೀಟರಿಗೆ ಇರುವುದು ಸುಮಾರು 1.4 ಮಿಲಿಗ್ರಾಂ; ಜೊತೆಗೆ ಕೆಡದಿರಲು ಹಾಕಿದ ಕ್ರೆಸಾಲ್ ಅಥವಾ ಫೀನಾಲ್, ಜೊತೆಗೆ ಸತು. ಸತು ಗಂಧಕವನ್ನು ಹಿಡಿದು ಕೂರುವ ಲೋಹ. ಗ್ಲಾರ್ಜಿನ್, ಲಿಸ್‌ಪ್ರೊ ಮುಂತಾದ ಬದಲಿ ರೂಪಗಳಂತೂ ಒಗ್ಗೂಡುವ ರೀತಿಯೇ ಬೇರೆ. ಪುಡಿಯನ್ನೇ ತರಿಸಿ.

ಬಫರು 100 ಮಿಲಿಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್, ಪಿಎಚ್ 7.0, ಲೋಹಗಳನ್ನು ಹಿಡಿದಿಡುವ ಇಡಿಟಿಎ 2 ಮಿಲಿಮೋಲಾರ್. ಪ್ಲೇಟಿನ ಒಂದೊಂದು ಕುಳಿಗೆ ಬಫರ್ ಮತ್ತು ಕಿಣ್ವ ಸೇರಿ 80 ಮೈಕ್ರೊಲೀಟರ್, ಮೇಲಿನ ಇನ್ಸುಲಿನ್ 10 ಮೈಕ್ರೊಲೀಟರ್, ಕೊನೆಗೆ 10 ಮಿಲಿಮೋಲಾರ್ ಡಿಟಿಟಿ 10 ಮೈಕ್ರೊಲೀಟರ್. ಡಿಟಿಟಿ ಬಿದ್ದ ಕ್ಷಣದಿಂದ ಗಡಿಯಾರ ಶುರು. 25 ಡಿಗ್ರಿಯಲ್ಲಿ ನಿಮಿಷಕ್ಕೊಮ್ಮೆ, ಒಂದು ಗಂಟೆ ಓದಿಸಿ. ಪ್ರತಿ ಓದಿಗೂ ಮುಂಚೆ ಪ್ಲೇಟ್ ಅಲುಗಿಸಬೇಕು, ಇಲ್ಲವಾದರೆ ಗಷ್ಟು ತಳ ಸೇರಿ ಅಂಕಿ ಇಳಿಯುತ್ತದೆ. ಕಿಣ್ವವನ್ನು 0.1, 0.2, 0.4, 0.8 ಮೈಕ್ರೊಮೋಲಾರ್ ಹೀಗೆ ನಾಲ್ಕು ಮಟ್ಟದಲ್ಲಿ ಹಾಕಿ, ಒಂದು ಸಾಲು ಕಿಣ್ವವಿಲ್ಲದೆ ಬಿಡಿ. ನಾಲ್ಕೂ ಸೇರಿ ಖರ್ಚಾಗುವ ಪಿಡಿಐ 8.6 ಮೈಕ್ರೊಗ್ರಾಂ, ಎರಡೆರಡು ಸಲ ಮಾಡಿದರೂ 100 ಮೈಕ್ರೊಗ್ರಾಂ ಸೀಸೆಯ ಐದನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಇದನ್ನೇ 1 ಮಿಲಿಲೀಟರ್ ಕ್ಯುವೆಟ್ಟಿನಲ್ಲಿ 1 ಮೈಕ್ರೊಮೋಲಾರ್ ಹಾಕಿ ಮಾಡಹೊರಟರೆ ಒಂದೇ ಓದಿಗೆ ಸೀಸೆಯ ಅರ್ಧಕ್ಕಿಂತ ಹೆಚ್ಚು ಖಾಲಿ. ‘ಪರೀಕ್ಷೆಗೆ ಸರಕು ವ್ಯರ್ಥ’ ಎನ್ನುವ ದೂರು ಹುಟ್ಟುವುದು ಇಲ್ಲೇ.

ಡಿಟಿಟಿಯನ್ನು ಅಂದೇ ಕರಗಿಸಿಕೊಳ್ಳಿ: 15.4 ಮಿಲಿಗ್ರಾಂ 1 ಮಿಲಿಲೀಟರ್ ನೀರಿಗೆ, 100 ಮಿಲಿಮೋಲಾರ್. ಬಳಸುವಾಗ ಹತ್ತು ಪಟ್ಟು ತೆಳು. 20 ಡಿಗ್ರಿಯಲ್ಲಿ ಪಿಎಚ್ 7.5ರಲ್ಲಿ ಅದರ ಅರ್ಧಾಯುಷ್ಯ ಸುಮಾರು 10 ಗಂಟೆ, 8.5ರಲ್ಲಿ ಒಂದೂವರೆ ಗಂಟೆಯೂ ಇಲ್ಲ. ನಿನ್ನೆಯದನ್ನು ಇಂದು ಹಾಕಿ ಕಿಣ್ವವನ್ನು ಬೈಯುವುದು ನ್ಯಾಯವಲ್ಲ.

ಫಲಿತಾಂಶದಲ್ಲಿ ನೋಡಬೇಕಾದದ್ದು ಎರಡು: ಮಬ್ಬು ಯಾವಾಗ ಶುರುವಾಯಿತು, ಎಷ್ಟು ಕಡಿದಾಗಿ ಏರಿತು. ಕೊನೆಗೆ ಎಷ್ಟು ಬೆಳ್ಳಗಾಯಿತು ಎಂಬುದಲ್ಲ. ಕಾಯುತ್ತ ಕೂತರೆ ಡಿಟಿಟಿಯೊಂದೇ ಇನ್ಸುಲಿನ್ನನ್ನು ಒಡೆದು ಕಿಣ್ವವಿಲ್ಲದ ಕುಳಿಯನ್ನೂ ಬೆಳ್ಳಗೆ ಮಾಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ಪ್ಲೇಟಿಗೆ ಅಕ್ಷರಶಃ ಸಲ್ಲುತ್ತದೆ. ಕಿಣ್ವ ಹೆಚ್ಚಿದಂತೆ ಮಬ್ಬು ಬೇಗ ಶುರುವಾಗಬೇಕು, ಏರು ಕಡಿದಾಗಬೇಕು. ಹಾಗಾಗದೆ ಎಲ್ಲ ಸಾಲುಗಳೂ ಖಾಲಿ ಸಾಲಿನ ಮೇಲೇ ಬಿದ್ದರೆ ಕಿಣ್ವ ಸತ್ತಿದೆ. ಖಾಲಿ ಸಾಲು ಸೇರಿ ಯಾವುದೂ ಮಬ್ಬಾಗದಿದ್ದರೆ ಸತ್ತಿರುವುದು ಡಿಟಿಟಿ. ಡಿಟಿಟಿ ಹಾಕುವ ಮುಂಚೆಯೇ ಮಬ್ಬಿದ್ದರೆ ಇನ್ಸುಲಿನ್ ಸರಿಯಾಗಿ ಕರಗಿಲ್ಲ. ಖಾಲಿ ಸಾಲೇ ಅವಸರದಿಂದ ಏರಿದರೆ ಪಿಎಚ್ ನೋಡಿ. 8ರ ಕಡೆ ಹೋದಷ್ಟೂ ಡಿಟಿಟಿಗೆ ಕಿಣ್ವದ ಸಹಾಯ ಬೇಡವಾಗುತ್ತದೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಇದು ಅಳೆಯುವುದು ಕೊಂಡಿ ಒಡೆಯುವ ಶಕ್ತಿಯನ್ನು. ಅದಲುಬದಲು ಮಾಡಿ ಸರಿಯಾದ ಮಡಿಕೆ ತರುವ ಶಕ್ತಿಯನ್ನಲ್ಲ. ಮಡಿಸುವ ಕೆಲಸವನ್ನೇ ನೋಡಬೇಕಾದರೆ ಕೊಂಡಿಗಳು ಅಡ್ಡಾದಿಡ್ಡಿಯಾದ ರೈಬೋನ್ಯೂಕ್ಲಿಯೇಸ್ ಬೇಕು. ಮಡಿಕೆ ಬಿಚ್ಚುವ ರಾಸಾಯನಿಕವಾದ ಗ್ವಾನಿಡಿನ್‌ನಲ್ಲಿ (ಆರು ಮೋಲಾರ್) ಡಿಟಿಟಿ ಹಾಕಿ ಕೊಂಡಿಗಳನ್ನೆಲ್ಲ ಬಿಡಿಸಿ, ಡಿಟಿಟಿ ತೆಗೆದು, ಮಡಿಕೆ ಬಿಚ್ಚಿದ ಸ್ಥಿತಿಯಲ್ಲೇ ಗಾಳಿಗೆ ಬಿಟ್ಟರೆ ಕೊಂಡಿಗಳು ಮನಬಂದಂತೆ ಕೂಡಿಕೊಳ್ಳುತ್ತವೆ. ಇದಕ್ಕೆ ಪಿಡಿಐ ಜೊತೆ ಗ್ಲುಟಾಥಯೋನ್‌ನ ಎರಡು ರೂಪಗಳನ್ನೂ, ಅಪಕರ್ಷಿತ 1 ಮಿಲಿಮೋಲಾರ್, ಉತ್ಕರ್ಷಿತ 0.2 ಮಿಲಿಮೋಲಾರ್, ಹಾಕಬೇಕು. ಮೊದಲನೆಯದಿಲ್ಲದಿದ್ದರೆ ತಪ್ಪು ಕೊಂಡಿ ಬಿಚ್ಚುವುದಿಲ್ಲ, ಎರಡನೆಯದಿಲ್ಲದಿದ್ದರೆ ಹೊಸ ಕೊಂಡಿ ಬೀಳುವುದಿಲ್ಲ. ಗ್ಲುಟಾಥಯೋನ್ ಬದಲು ಡಿಟಿಟಿಯನ್ನೇ ಸುರಿದರೆ ಎಲ್ಲವೂ ಒಡೆದ ಸ್ಥಿತಿಯಲ್ಲೇ ಉಳಿದು ಕಿಣ್ವ ಸುಮ್ಮನೆ ಕೂರುತ್ತದೆ. ಸರಿಯಾದ ರೈಬೋನ್ಯೂಕ್ಲಿಯೇಸ್ ಹುಟ್ಟಿಬಂದಂತೆ ಅದು 4.5 ಮಿಲಿಮೋಲಾರ್ ಸೈಕ್ಲಿಕ್ ಸಿಎಂಪಿಯನ್ನು ಕತ್ತರಿಸುವುದನ್ನು 296 ನ್ಯಾನೊಮೀಟರಿನಲ್ಲಿ ನೋಡಬಹುದು. ಆರ್‌ಎನ್‌ಎ ಕೆಲಸ ಮಾಡುವವರ ಮೇಜಿನಿಂದ ಮಾತ್ರ ದೂರವಿರಿ. ಕುದಿಸಿದರೂ ಜಗ್ಗದ ಈ ರೈಬೋನ್ಯೂಕ್ಲಿಯೇಸ್ ಒಂದು ಪಿಪೆಟ್ ಮೂಲಕ ದಾಟಿದರೂ ಪಕ್ಕದವರ ತಿಂಗಳ ಕೆಲಸ ಮಣ್ಣುಪಾಲು.

ನಮ್ಮ ರಾಜ್ಯದ ಪ್ರಾಜೆಕ್ಟ್ ವರದಿಗಳಲ್ಲಿ ಸಸ್ಯದ ಕಷಾಯ ಅಥವಾ ಮೆಥನಾಲ್ ಸಾರ ಯಾವುದೋ ಕಿಣ್ವವನ್ನು ‘ತಡೆಯುತ್ತದೆ’ ಎಂಬ ವಿಷಯ ಬಲು ಜನಪ್ರಿಯ. ಪಿಡಿಐ ಈ ಸಾಲಿಗೆ ಸೇರುವ ಲಕ್ಷಣವಿದೆ, ಏಕೆಂದರೆ ರಕ್ತ ಹೆಪ್ಪುಗಟ್ಟುವಲ್ಲಿ ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಪಿಡಿಐಗೆ ಪಾತ್ರವಿದೆ, ರುಟಿನ್‌ನಂಥ ಸಸ್ಯಮೂಲದ ಫ್ಲೇವನಾಯ್ಡ್ ಅದನ್ನು ತಡೆಯುತ್ತದೆ ಎಂಬುದು ಪ್ರಕಟವಾದ ಸಂಗತಿ. ಆದರೆ ಕಷಾಯವನ್ನು ನೇರ ಇನ್ಸುಲಿನ್ ಪ್ಲೇಟಿಗೆ ಸುರಿದರೆ ಮೋಸಹೋಗುವ ದಾರಿಗಳು ಹಲವು. ಟ್ಯಾನಿನ್ ಯಾವ ಪ್ರೋಟೀನನ್ನಾದರೂ ಕಟ್ಟಿಹಾಕುತ್ತದೆ, ಇನ್ಸುಲಿನ್ನನ್ನೂ ಸೇರಿಸಿ. ತಾನೇ ಮಬ್ಬಾಗುವ ಸಾರ ಅಂಕಿಯನ್ನು ಏರಿಸುತ್ತದೆ. ಬಿ ಎಳೆ ಒಗ್ಗೂಡುವುದನ್ನು ತಡೆಯುವ ಸಾರ, ಕಿಣ್ವವನ್ನು ಮುಟ್ಟದೆಯೇ, ಅಂಕಿಯನ್ನು ಇಳಿಸುತ್ತದೆ. ಕ್ಯಾಟಿಕಾಲ್ ಗುಂಪಿನ ಅಣುಗಳು ಡಿಟಿಟಿಯ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ, ಅದರಿಂದ ಸಿಸ್ಟೀನ್ ಸುಟ್ಟುಹೋಗುವುದೂ ಉಂಟು.

ಹಾಗಾಗಿ ಕನಿಷ್ಠ ನಾಲ್ಕು ಅಡ್ಡಪರೀಕ್ಷೆ ಇಲ್ಲದೆ ಯಾವ ಮಾರ್ಗದರ್ಶಕರೂ ಸಹಿ ಹಾಕಬಾರದು. ಕಿಣ್ವವಿಲ್ಲದೆ ಡಿಟಿಟಿ ಮತ್ತು ಸಾರ. ಕಿಣ್ವ ಮತ್ತು ಸಾರದ ಜೊತೆ ಶೇ 0.01 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ (ಗುಂಪುಗೂಡುವಿಕೆಯಿಂದ ಬಂದ ‘ತಡೆ’ ಇದರಲ್ಲಿ ಮಾಯವಾಗುತ್ತದೆ). ಕ್ಯಾಟಲೇಸ್ ಹಾಕಿದ ಸಾಲು (ಪೆರಾಕ್ಸೈಡಿನ ಕೈವಾಡ ಇದರಲ್ಲಿ ಬಯಲಾಗುತ್ತದೆ). ಮಬ್ಬನ್ನು ಅವಲಂಬಿಸದ ಇನ್ನೊಂದು ವಿಧಾನ, ಉದಾಹರಣೆಗೆ ಮೇಲೆ ಹೇಳಿದ ಡೈ-ಇಯೋಸಿನ್. ಹೋಲಿಕೆಗೆ ಬಾಸಿಟ್ರಾಸಿನ್ ಬಳಸುವ ಹಳೆಯ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ಅದು ಪಿಡಿಐಗೇ ಮೀಸಲಾದ ತಡೆ ಅಲ್ಲವೆಂದು ಫಿನ್ಲೆಂಡಿನ ಸಂಶೋಧಕರು 2010ರಲ್ಲೇ ತೋರಿಸಿದ್ದಾರೆ. ಹತ್ತಾರು ವರ್ಷದ ಪ್ರಬಂಧಗಳು ಅದರ ಮೇಲೆ ನಿಂತಿರುವುದು ಬೇರೆ ಮಾತು.

ಕೋಶ ಅಥವಾ ಪ್ಲೇಟ್‌ಲೆಟ್ ಪ್ರಯೋಗಕ್ಕೆ ಇ. ಕೋಲಿಯ ಪಿಡಿಐ ತೆಗೆದುಕೊಂಡರೆ ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ಹೊರಪದರದ ನಂಜು ಹಿಂದೆಯೇ ಬರುತ್ತದೆ. ಶೇ 95 ಶುದ್ಧತೆ ಪ್ರೋಟೀನಿನ ಲೆಕ್ಕ. ಎಂಡೊಟಾಕ್ಸಿನ್ ಪ್ರೋಟೀನಲ್ಲ, ಜೆಲ್‌ನಲ್ಲಿ ಪ್ರೋಟೀನಿಗೆ ಹಚ್ಚುವ ಬಣ್ಣಕ್ಕೆ ಕಾಣುವುದೂ ಇಲ್ಲ. ಬಿಳಿ ರಕ್ತಕಣಗಳು ಅದಕ್ಕೆ ಕೆರಳಿದ್ದನ್ನು ಪಿಡಿಐನ ಪ್ರಭಾವ ಎಂದು ಬರೆದುಬಿಡುವುದು ಸುಲಭ. ಪತ್ತೆಹಚ್ಚುವುದೂ ಸುಲಭವೇ: ಸರಕನ್ನು ಕುದಿಸಿ ಹಾಕಿ ನೋಡಿ. ಕುದಿತಕ್ಕೆ ಪಿಡಿಐ ಸಾಯುತ್ತದೆ, ಎಂಡೊಟಾಕ್ಸಿನ್ ಉಳಿಯುತ್ತದೆ. ಪರಿಣಾಮ ಹಾಗೇ ಉಳಿದರೆ ಅದು ಪಿಡಿಐನದಲ್ಲ. ಇನ್ನೂ ಗಟ್ಟಿಯಾದ ಹೋಲಿಕೆ ಬೇಕೆಂದರೆ ನಾಲ್ಕು ಸಿಸ್ಟೀನ್‌ಗಳನ್ನೂ ಬದಲಿಸಿದ ನಿಷ್ಕ್ರಿಯ ರೂಪವನ್ನು ಅದೇ ಬಗೆಯಲ್ಲಿ ತಯಾರಿಸಿ ಪಕ್ಕದಲ್ಲಿಡುವುದು. ಇನ್ನು ‘ಸಂಶೋಧನೆಗೆ ಮಾತ್ರ’ ಎಂಬ ಸಾಲಿಗೆ ಅರ್ಥ ಒಂದೇ: ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಚಿಕಿತ್ಸೆಯಾಗಿ ಕೊಡುವಂತಿಲ್ಲ.

ಸಾಗಾಟದ ಬಗ್ಗೆ ಚುಟುಕಾಗಿ. ಡ್ರೈ ಐಸ್ ಮೈನಸ್ 78 ಡಿಗ್ರಿಯಲ್ಲಿ ಆವಿಯಾಗುತ್ತ ಹೋಗುತ್ತದೆ. ಶುಕ್ರವಾರ ಬೆಂಗಳೂರಿಗೆ ಇಳಿದ ಪೆಟ್ಟಿಗೆ ಸೋಮವಾರ ಕಲಬುರಗಿ ತಲುಪಿದರೆ ಒಳಗೆ ಉಳಿದಿರುವುದು ಥರ್ಮಾಕೋಲ್ ಮಾತ್ರ. ಆರ್ಡರಿನಲ್ಲೇ ‘ಸೋಮವಾರ ಅಥವಾ ಮಂಗಳವಾರ ರವಾನೆ’ ಎಂದು ಬರೆಯಿಸಿ. ಬಂದಾಗ ಡ್ರೈ ಐಸ್ ಉಳಿದಿತ್ತೇ ಎಂಬುದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಗುರುತು ಹಾಕಿ. ಮುಚ್ಚಳ ಸಡಿಲವಿದ್ದರೆ ಇಂಗಾಲದ ಡೈಆಕ್ಸೈಡ್ ಕೊಳವೆಯೊಳಗೆ ನುಗ್ಗಿ ಬಫರಿನ ಪಿಎಚ್ ಇಳಿಸುತ್ತದೆ, ಇದೂ ಗಮನದಲ್ಲಿರಲಿ. ತೆರೆಯುವ ಮುಂಚೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ಹಾಕಿಸಿ. 100 ಮೈಕ್ರೊಲೀಟರ್ ಸರಕು ಮುಚ್ಚಳಕ್ಕೆ ಅಂಟಿ ಕೂತಿರುತ್ತದೆ. ಒಂದು ಪ್ರಯೋಗಕ್ಕೆ ಬೇಕಾದಷ್ಟನ್ನೇ ಚಿಕ್ಕ ಕೊಳವೆಗಳಲ್ಲಿ ಪಾಲು ಮಾಡಿ ಮೈನಸ್ 80ರಲ್ಲಿಡಿ. ಮಂಜು ತಾನಾಗಿ ಕರಗಿಸಿಕೊಳ್ಳುವ ಮನೆಬಳಕೆಯ ಫ್ರಿಜ್ಜಿನ ಫ್ರೀಜರ್ ಬೇಡವೇ ಬೇಡ. ಅದು ತನ್ನಷ್ಟಕ್ಕೆ ಬಿಸಿಯಾಗುತ್ತ ತಣ್ಣಗಾಗುತ್ತ ಇರುತ್ತದೆ.

ಇಷ್ಟೆಲ್ಲ ಕಟ್ಟುಪಾಡಿನಲ್ಲಿ ಕೊಳ್ಳುವುದಕ್ಕಿಂತ ಪಿಡಿಐಯನ್ನು ತಯಾರಿಸಿಕೊಳ್ಳುವುದೇ ಮೇಲು ಎಂದರೆ ಉತ್ಪ್ರೇಕ್ಷೆ ಅಲ್ಲ. ಶೇಕರ್, ಸೋನಿಕೇಟರ್, ತಂಪು ಸೆಂಟ್ರಿಫ್ಯೂಜ್ ಇರುವ ಯಾವ ವಿಶ್ವವಿದ್ಯಾಲಯದ ವಿಭಾಗಕ್ಕೂ ಇದು ಸಾಧ್ಯ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಗಮನಕ್ಕೆ ತಂದು ಶುರುಮಾಡಬೇಕು. ಪಿಇಟಿ-28 ಮಾದರಿಯ ಪ್ಲಾಸ್ಮಿಡ್‌ನಲ್ಲಿ 18ರಿಂದ 508ರ ಭಾಗ, ಬಿಎಲ್21 (ಡಿಇ3) ತಳಿ. ಒಂದು ಲೀಟರ್ ಎಲ್‌ಬಿ ಪೋಷಕ ದ್ರವ, ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಕ್ಯಾನಮೈಸಿನ್. 37 ಡಿಗ್ರಿಯಲ್ಲಿ 600 ನ್ಯಾನೊಮೀಟರಿನ ಓದು 0.6 ಬಂದಾಗ 20 ಡಿಗ್ರಿಗೆ ಇಳಿಸಿ, ಜೀನನ್ನು ಚಾಲೂ ಮಾಡುವ ಐಪಿಟಿಜಿ 0.5 ಮಿಲಿಮೋಲಾರ್ ಹಾಕಿ ರಾತ್ರಿಯಿಡೀ ಬಿಡಿ. ಕೋಶಗಳನ್ನು 50 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, 300 ಮಿಲಿಮೋಲಾರ್ ಉಪ್ಪು, 10 ಮಿಲಿಮೋಲಾರ್ ಇಮಿಡಜೋಲ್, ಪಿಎಚ್ 8ರ ಬಫರಿನಲ್ಲಿ ಮಂಜುಗಡ್ಡೆಯ ಮೇಲೆ ಒಡೆದು, 15,000 ಜಿಯಲ್ಲಿ ಅರ್ಧ ಗಂಟೆ ತಿರುಗಿಸಿ, ತಿಳಿಯನ್ನು ಹಿಸ್ಟಿಡಿನ್ ಬಾಲಂಗೋಚಿಯನ್ನು ಹಿಡಿಯುವ 2 ಮಿಲಿಲೀಟರ್ ನಿಕ್ಕಲ್ ಕಾಲಮ್ಮಿಗೆ ಬಿಡಿ. 20 ಮಿಲಿಮೋಲಾರ್ ಇಮಿಡಜೋಲ್‌ನಲ್ಲಿ ತೊಳೆದು 250ರಲ್ಲಿ ಇಳಿಸಿಕೊಳ್ಳಿ. ಈ ಹಂತದವರೆಗೆ ಇಡಿಟಿಎ ಹಾಕಿದರೆ ನಿಕ್ಕಲ್ ಕೊಚ್ಚಿಹೋಗುತ್ತದೆ, ಡಿಟಿಟಿ ಹಾಕಿದರೆ ಕಾಲಮ್ ಕಂದುಬಣ್ಣಕ್ಕೆ ತಿರುಗುತ್ತದೆ. ಎರಡನ್ನೂ ಆಮೇಲೆ ಹಾಕಿ.

ಸಾಂದ್ರತೆ ಅಳೆಯುವ ಮೊದಲು ಇಮಿಡಜೋಲ್ ಪೂರ್ತಿ ಹೋಗುವಂತೆ ಡಯಾಲಿಸಿಸ್ ಮಾಡಿ. ಅದೂ 280 ನ್ಯಾನೊಮೀಟರಿನಲ್ಲಿ ಹೀರಿಕೊಳ್ಳುತ್ತದೆ, ಹಳೆಯ ಡಿಟಿಟಿಯೂ ಹೀರಿಕೊಳ್ಳುತ್ತದೆ. ಇಲ್ಲದ ಪ್ರೋಟೀನು ಲೆಕ್ಕಕ್ಕೆ ಬಂದುಬಿಡುತ್ತದೆ. ಪಿಡಿಐನ ಮೋಲಾರ್ ಗುಣಾಂಕ ಸುಮಾರು 45,000, ಅಂದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ದ್ರಾವಣ ಸುಮಾರು 0.8 ತೋರಿಸಬೇಕು. ಕೊನೆಗೆ ಗಂಧಕಗಳ ಸ್ಥಿತಿ: 10 ಮಿಲಿಮೋಲಾರ್ ಡಿಟಿಟಿಯಲ್ಲಿ ಅರ್ಧ ಗಂಟೆ ಇಟ್ಟು, ಜಿ-25ರಲ್ಲಿ ದಾಟಿಸಿ, ಬಿಡಿ ಗಂಧಕಕ್ಕೆ ಹಳದಿ ಬಣ್ಣ ಕೊಡುವ ಎಲ್‌ಮನ್ ಕಾರಕದಿಂದ 412 ನ್ಯಾನೊಮೀಟರಿನಲ್ಲಿ ಎಣಿಸಿ (ಗುಣಾಂಕ ಬಫರಿನಲ್ಲಿ 14,150, ಆರು ಮೋಲಾರ್ ಗ್ವಾನಿಡಿನ್‌ನಲ್ಲಿ 13,700). ಗ್ವಾನಿಡಿನ್‌ನಲ್ಲಿ ಮಡಿಕೆ ಬಿಚ್ಚಿ ಎಣಿಸಿದಾಗ ಅಣುವೊಂದಕ್ಕೆ 6ರ ಹತ್ತಿರ ಬರಬೇಕು. ಎರಡು ಮೂರು ಮಾತ್ರ ಬಂದರೆ ದಾರಿಯಲ್ಲೆಲ್ಲೋ ಗಾಳಿ ತಾಗಿದೆ. ಆರು ದಾಟಿದರೆ ಡಿಟಿಟಿ ಹೋಗಿಲ್ಲ.

ಒಂದು ಲೀಟರಿನಿಂದ 20 ಮಿಲಿಗ್ರಾಂ ಸಿಕ್ಕರೂ ಅದು 100 ಮೈಕ್ರೊಗ್ರಾಂನ 200 ಸೀಸೆಗಳಷ್ಟು. ಮಾನಸಗಂಗೋತ್ರಿಯಲ್ಲೋ ಧಾರವಾಡದಲ್ಲೋ ಮಂಗಳಗಂಗೋತ್ರಿಯಲ್ಲೋ ವರ್ಷಕ್ಕೊಂದು ಸಲ ಒಂದು ವಿಭಾಗ ಮಾಡಿ, ಇನ್ಸುಲಿನ್ ಗ್ರಾಫ್ ಲಗತ್ತಿಸಿ ಹಂಚಿದರೆ ಸುತ್ತಲಿನ ಕಾಲೇಜುಗಳ ವರ್ಷದ ಗರಜು ತೀರುತ್ತದೆ.

ಅಲ್ಲಿಯವರೆಗೆ ಕೊಳ್ಳುವವರು ಕೊಟೇಶನ್ ಕರೆಯುವಾಗಲೇ ಕೇಳಬೇಕಾದವು ಇವು: ಅಮೈನೊ ಆಮ್ಲದ ವ್ಯಾಪ್ತಿ, ಬಾಲಂಗೋಚಿ ಯಾವ ತುದಿಗೆ, ಯಾವ ಕೋಶದಲ್ಲಿ ತಯಾರು, ಬಫರಿನ ಪೂರ್ತಿ ವಿವರ, ಕ್ಯಾರಿಯರ್ ಉಂಟೋ ಇಲ್ಲವೋ, ಅದೇ ಲಾಟಿನ ಚಟುವಟಿಕೆಯ ಗ್ರಾಫ್, ಮತ್ತು ‘ಯೂನಿಟ್’ ಎಂದರೆ ಅವರ ಲೆಕ್ಕದಲ್ಲಿ ಏನು. ಕೊನೆಯದು ಮುಖ್ಯ. ಒಬ್ಬೊಬ್ಬ ತಯಾರಕನ ಯೂನಿಟ್ ಒಂದೊಂದು ಇನ್ಸುಲಿನ್ ಮಟ್ಟ, ಒಂದೊಂದು ಪಿಎಚ್, ಒಂದೊಂದು ಡಿಟಿಟಿಗೆ ಕಟ್ಟಿದ್ದು. ಒಂದರ 1,000 ಯೂನಿಟ್ ಇನ್ನೊಂದರ 1,000ಕ್ಕೆ ಸಮವಲ್ಲ. ಕಡಿಮೆ ದರದವರಿಗೇ ಆರ್ಡರ್ ಎಂಬ ಎಲ್-1 ನಿಯಮವನ್ನು ಮುರಿಯಿರೆಂದು ನಾವು ಹೇಳುತ್ತಿಲ್ಲ. ತಾಂತ್ರಿಕ ಷರತ್ತಿನಲ್ಲಿ ಇವನ್ನು ಬರೆದರೆ ಅರ್ಹರಾದವರಲ್ಲಿ ಕಡಿಮೆ ದರವನ್ನು ಆರಿಸುವುದಕ್ಕೆ ಆಡಿಟ್ ಆಕ್ಷೇಪವೂ ಬರುವುದಿಲ್ಲ. ಸೀಸೆ ಬಂದ ಮೇಲೆ ಬಿಲ್ಲನ್ನು ಲೆಕ್ಕಪತ್ರ ವಿಭಾಗಕ್ಕೆ ಕಳಿಸುವ ಮುನ್ನ, ಆ 8.6 ಮೈಕ್ರೊಗ್ರಾಂ ಖರ್ಚುಮಾಡಿ ಬರೆದ ಗ್ರಾಫನ್ನು ಅದಕ್ಕೆ ಪಿನ್ ಮಾಡಿ. ಸಾಲುಗಳು ಖಾಲಿ ಸಾಲಿನ ಮೇಲೇ ಬಿದ್ದಿದ್ದರೆ ಸರಕನ್ನು ಬದಲಿಸಿಕೊಡಿ ಎಂದು ಕೇಳಲು ಅದೊಂದೇ ದಾಖಲೆ ಸಾಕು.

– ಜೀವರಸಾಯನ ವಿಜ್ಞಾನದ ಅಧ್ಯಾಪಕರು ಮತ್ತು ಪ್ರಯೋಗಾಲಯ ಸಿಬ್ಬಂದಿ, ಮೈಸೂರು